ಸಣ್ಣ ಕಾಲೇಜು, ದೊಡ್ಡ ಪಾಡ್ದನ

ಪ್ರಶ್ನೆ: ಕಾರ್ಕಳ ಕಡೆಯ ಸರಕಾರಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೇನೆ. ಊರಿನ ಅಜ್ಜಿಯಂದಿರ ಪಾಡ್ದನ (ತುಳುವಿನಲ್ಲಿ ಕಥೆ ಹೇಳುವ ಜನಪದ ಹಾಡು) ದಾಖಲಿಸುವ ಆಸೆ. ಕಾಲೇಜಿನಲ್ಲಿ ದುಡ್ಡಿಲ್ಲ, ಕೋಣೆಗಳೂ ಸಾಲದು. ಇದೆಲ್ಲ ವಿಶ್ವವಿದ್ಯಾಲಯದ ಕೆಲಸ ಅಲ್ವಾ?

ಉತ್ತರ: ಯಾರು ಹೇಳಿದ್ದು ತಂಗಿ? ತುಳು ನಿಘಂಟಿನ ಆರು ಸಂಪುಟಗಳು ತಯಾರಾದದ್ದು ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ. ಅವರಿಗೆ ನೆರವು ಇತ್ತು, ಒಪ್ಪುತ್ತೇನೆ. ಆದರೆ ನಿಮಗೆ ಹಾಡುವವರ ಮನೆಯೇ ಹತ್ತಿರ.

ಫೋನ್ ಸಾಕು. ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದವರನ್ನು ಮೊದಲು ಹುಡುಕಿ, ಏಕೆಂದರೆ ಈಗ ಗದ್ದೆಗೆ ಮೆಷಿನ್ ಬಂದಿದೆ, ಕೆಲವು ಕಡೆ ಗದ್ದೆಯೇ ಇಲ್ಲ, ಹಾಡಲು ಸಂದರ್ಭವೇ ತಪ್ಪಿದೆ. ಒಂದೇ ದಿನ ಮುಗಿಸುತ್ತೇನೆ ಅಂದುಕೊಳ್ಳಬೇಡಿ. ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ ತಂಡ 1990ರಲ್ಲಿ ದಾಖಲಿಸಿತು. ಬರೆದಾಗ ಅದು 15,683 ಸಾಲು!

ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಇಷ್ಟನ್ನು ಅಲ್ಲೇ ಬರೆದುಕೊಳ್ಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿ, ಸುಮ್ನೆ ಚಂದ ಮಾಡಲು ಹೋಗಬೇಡಿ. ಪ್ರಿಂಟ್ ಮಾಡುವುದಾದರೆ ಮೊದಲು ಅವರ ಒಪ್ಪಿಗೆ ಕೇಳಿ. ದೈವದ ಪಾಡ್ದನವನ್ನು ಹೊತ್ತಲ್ಲದ ಹೊತ್ತಲ್ಲಿ ಹಾಡಲ್ಲ ಅಂದರೆ ಒತ್ತಾಯ ಬೇಡ.

ಒಂದು ಪ್ರತಿ ಕಾಲೇಜಿನ ಲೈಬ್ರರಿಗೆ, ಇನ್ನೊಂದು ಹಾಡಿದವರ ಮನೆಗೆ. ಅವರ ಮನೆಗೆ ಕೊಡುವುದನ್ನು ಜಾಸ್ತಿ ಜನ ಮರೆಯುತ್ತಾರೆ.