ಗಂಟು ಮುಟ್ಟಿ ನೋಡೋದನ್ನ ಮೊದಲು ಬಿಡಿಸಿ

ಪ್ರಶ್ನೆ: 16 ವರ್ಷದ ಮಗನಿಗೆ ಜ್ವರ, ಗಂಟಲು ನೋವು ಬಂದು ಕುತ್ತಿಗೆಯಲ್ಲಿ ಗಂಟು ಎದ್ದಿವೆ. ರಕ್ತ ಪರೀಕ್ಷೆಯಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಅಂತ ಬಂತು. ‘ಇದು ಲಿಂಫೋಮಾ ಅನ್ನೋ ಕ್ಯಾನ್ಸರ್ ಆಗ್ತದಂತ’ ಅಂತ ಅವನ ಕಾಕಾ ಮೊಬೈಲಿನಲ್ಲಿ ಓದಿ ಹೇಳಿದಾರೆ. ನಿದ್ದೆ ಬರ್ತಿಲ್ಲ ಡಾಕ್ಟರೇ.
– ಒಬ್ಬ ತಾಯಿ, ಗದಗ

ಉತ್ತರ: ಕಾಕಾ ಓದಿದ್ದು ಸುಳ್ಳಲ್ಲಮ್ಮ, ಆದರೆ ಅರ್ಧ ಮಾತ್ರ. ಈ ವೈರಸ್ 1964ರಲ್ಲಿ ಮೊದಲು ಕಂಡಿದ್ದೇ ಬರ್ಕಿಟ್ ಲಿಂಫೋಮಾ ಗಡ್ಡೆಯ ಕಣಗಳಲ್ಲಿ. ಗಡ್ಡೆ ಉಗಾಂಡಾದಿಂದ ಲಂಡನ್ನಿಗೆ ಬಂದಿತ್ತು. ಆದರೆ ಜಗತ್ತಿನ ದೊಡ್ಡವರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಇದು ಇದೆ. ಕಾಕಾನ ಮೈಯಲ್ಲೂ ಇರಬಹುದು! ಬಿಳಿ ರಕ್ತಕಣದೊಳಗೆ ಸುಮ್ನೆ ಅಡಗಿರುತ್ತದೆ, ರೋಗನಿರೋಧಕ ಶಕ್ತಿ ಅದನ್ನು ಕಾಯುತ್ತಿರುತ್ತದೆ. ಎಚ್‌ಐವಿ ಇದ್ದವರಲ್ಲಿ, ಕಿಡ್ನಿ ಕಸಿಯಾಗಿ ಮಾತ್ರೆ ತಿನ್ನುವವರಲ್ಲಿ ಆ ಕಾವಲು ಸಡಿಲವಾಗಿ ಅಪಾಯ ಹೆಚ್ಚುತ್ತದೆ. ಈ ಜ್ವರ ಬಂದ ಹುಡುಗರಲ್ಲಿ ಹಾಜ್ಕಿನ್ ಲಿಂಫೋಮಾ ಸಾಧ್ಯತೆ ತುಸು ಹೆಚ್ಚು ನಿಜ, ಆದರೂ ಬರುವುದು ತೀರಾ ಅಪರೂಪ.

ಹುಬ್ಬಳ್ಳಿಯ ನನ್ನ ದವಾಖಾನೆಗೆ ಒಬ್ಬ ಹುಡುಗ ಬಂದಿದ್ದ. ಗಂಟು ಒತ್ತಿ ಒತ್ತಿ ಚರ್ಮವೇ ಕೆಂಪಾಗಿತ್ತು. ಒತ್ತಿದರೆ ಹೇಗೆ ಇಳಿದೀತು, ಅಲ್ವಾ? ವೈರಸ್ಸಿನ ಗಂಟು ಸಾಮಾನ್ಯವಾಗಿ ಮೆತ್ತಗಿರುತ್ತದೆ, ಮುಟ್ಟಿದರೆ ನೋಯುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ನೋವಿಲ್ಲದೆ ಗಟ್ಟಿಯಾಗಿ ಬೆಳೆದರೆ, 4–6 ವಾರವಾದರೂ ಇಳಿಯದಿದ್ದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ, ತೂಕ ಇಳಿದರೆ ತಡಮಾಡದೆ ತೋರಿಸಿ.

ಇನ್ನೊಂದು, ಕಬಡ್ಡಿ, ಕುಸ್ತಿ ಒಂದು ತಿಂಗಳಾದರೂ ಬೇಡ. ಈ ಜ್ವರದಲ್ಲಿ ಗುಲ್ಮ (ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಕೆಳಗಿರುವ ಅಂಗ, ಸ್ಪ್ಲೀನ್) ಊದಿರುತ್ತದೆ, ಹೊಟ್ಟೆಗೆ ಪೆಟ್ಟು ಬಿದ್ದರೆ ಒಡೆಯಬಹುದು.