ಸಾಲಿನ ತುದಿಗೆ ಇಷ್ಟು ಶಕ್ತಿ ಎಲ್ಲಿಂದ ಬಂತು?

ಪ್ರಶ್ನೆ: ಒಂದೇ ಸಾಲಿನಲ್ಲಿ ಮುಂದಕ್ಕೆ ಜಿಗಿಯುವ ಕಣಗಳ ಮಾದರಿಯಲ್ಲಿ, ಕಣಗಳು ಒಳಬರುವ ಮತ್ತು ಹೊರಹೋಗುವ ದರವನ್ನು ಬದಲಿಸಿದರೆ ಇಡೀ ಸಾಲಿನ ಸ್ಥಿತಿಯೇ ಬದಲಾಗುತ್ತದೆ ಎಂದು ತರಗತಿಯಲ್ಲಿ ಹೇಳಿದರು. ಸಾವಿರ ಮನೆಗಳ ಸಾಲನ್ನು ತುದಿಯ ಎರಡೇ ಮನೆಗಳು ಆಳುವುದು ಹೇಗೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈ ಮಾದರಿಯಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವ ಅಂಶವನ್ನೇ ತಾವು ಕೇಳಿದ್ದೀರಿ. ಮೊದಲು ನಿಯಮವನ್ನು ನೆನಪಿಸಿಕೊಳ್ಳೋಣ. ಒಂದು ಮನೆಯಲ್ಲಿ ಒಂದೇ ಕಣ ಇರಬಹುದು. ಪ್ರತಿ ಕಣವೂ ಸರಾಸರಿ ಸೆಕೆಂಡಿಗೊಮ್ಮೆ, ಆದರೆ ಮೊದಲೇ ಹೇಳಲಾಗದ ಕ್ಷಣದಲ್ಲಿ, ಬಲಕ್ಕೆ ಜಿಗಿಯಲು ನೋಡುತ್ತದೆ. ಮುಂದಿನ ಮನೆ ಖಾಲಿಯಿದ್ದರೆ ಜಿಗಿಯುತ್ತದೆ, ಇಲ್ಲದಿದ್ದರೆ ಇದ್ದಲ್ಲೇ ಉಳಿಯುತ್ತದೆ. ಎಡತುದಿಯ ಮನೆ ಖಾಲಿಯಿದ್ದಾಗ ಆಲ್ಫಾ ದರದಲ್ಲಿ ಹೊಸ ಕಣ ಒಳಬರುತ್ತದೆ, ಬಲತುದಿಯ ಕಣ ಬೀಟಾ ದರದಲ್ಲಿ ಹೊರಹೋಗುತ್ತದೆ. ಜೀವಕೋಶದಲ್ಲಿ ಪ್ರೋಟೀನಿನ ಸೂಚನೆ ಹೊತ್ತ ಎಳೆಯಾದ ಸಂದೇಶವಾಹಕ ಆರ್‌ಎನ್‌ಎ ಮೇಲೆ ರೈಬೋಸೋಮ್‌ಗಳೆಂಬ ಪುಟ್ಟ ಯಂತ್ರಗಳು ಒಂದರ ಹಿಂದೊಂದು ಸಾಗುತ್ತ ಪ್ರೋಟೀನ್ ಕಟ್ಟುವುದನ್ನು ವಿವರಿಸಲು ಮ್ಯಾಕ್‌ಡೊನಾಲ್ಡ್, ಗಿಬ್ಸ್ ಮತ್ತು ಪಿಪ್ಕಿನ್ 1968ರಲ್ಲಿ ಇಂಥ ಮಾದರಿಯನ್ನು ಮುಂದಿಟ್ಟರು; ಸಂಭವನೀಯತಾ ಸಿದ್ಧಾಂತದೊಳಕ್ಕೆ ಇದನ್ನು ತಂದವರು ಫ್ರಾಂಕ್ ಸ್ಪಿಟ್ಜರ್, 1970ರಲ್ಲಿ.

ಈಗ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಆಲ್ಫಾ 0.2, ಬೀಟಾ 0.4, ಎರಡನೆಯದರಲ್ಲಿ ಇವು ಅದಲುಬದಲು. ಎರಡರಲ್ಲೂ ಸೆಕೆಂಡಿಗೆ 0.16 ಕಣಗಳೇ ಹಾದುಹೋಗುತ್ತವೆ. ಆದರೆ ಮೊದಲನೆಯದರಲ್ಲಿ ಐದು ಮನೆಗೊಂದು ಕಣವಿದ್ದರೆ ಎರಡನೆಯದರಲ್ಲಿ ಐದು ಮನೆಗೆ ನಾಲ್ಕು ಕಣಗಳಿರುತ್ತವೆ. ಒಂದು ವಿರಳ, ಇನ್ನೊಂದು ದಟ್ಟಣೆ. ಹರಿವು ಮಾತ್ರ ಒಂದೇ.

ಕಾರಣ ತಿಳಿಯಬೇಕಾದರೆ ಗೋಡೆಯನ್ನು ಗಮನಿಸಬೇಕು. ಎಡಬಾಗಿಲು ತನ್ನ ಬದಿಯಲ್ಲಿ ಆಲ್ಫಾದಷ್ಟು ಸಾಂದ್ರತೆಯನ್ನು (ಅಂದರೆ ಮನೆಯೊಂದಕ್ಕೆ ಸರಾಸರಿ ಇಷ್ಟು ಕಣ ಎಂಬ ಲೆಕ್ಕವನ್ನು) ಉಂಟುಮಾಡಲು ಯತ್ನಿಸುತ್ತದೆ, ಬಲಬಾಗಿಲು ತನ್ನ ಬದಿಯಲ್ಲಿ ಒಂದರಿಂದ ಬೀಟಾ ಕಳೆದಷ್ಟನ್ನು. ಇವೆರಡು ಸಂಧಿಸುವಲ್ಲಿ ವಿರಳದಿಂದ ದಟ್ಟಣೆಗೆ ಥಟ್ಟನೆ ಏರುವ ಗೋಡೆಯೊಂದು ಏಳುತ್ತದೆ. ಗೋಡೆಯ ಎರಡೂ ಬದಿಯ ಹರಿವಿನ ಲೆಕ್ಕ ಮಾಡಿದರೆ ಅದರ ಸರಾಸರಿ ವೇಗ ಬೀಟಾದಿಂದ ಆಲ್ಫಾ ಕಳೆದಷ್ಟು ಎಂದು ಬರುತ್ತದೆ. ಬೀಟಾ ಹೆಚ್ಚಿದ್ದರೆ ಗೋಡೆ ಬಲಕ್ಕೆ ಸರಿದು ಸಾಲೆಲ್ಲ ಎಡಬಾಗಿಲಿನ ವಶವಾಗುತ್ತದೆ, ಕಡಿಮೆಯಿದ್ದರೆ ಬಲಬಾಗಿಲಿನ ವಶವಾಗುತ್ತದೆ. ಸಾಲು ಎಷ್ಟೇ ಉದ್ದವಿರಲಿ, ಗೋಡೆಗೆ ತುಸು ಹೆಚ್ಚು ಸಮಯ ಬೇಕಾಗುತ್ತದೆ, ಅಷ್ಟೆ.

ಎರಡೂ ದರಗಳು 0.5ನ್ನು ಮೀರಿದಾಗ ಬಾಗಿಲುಗಳ ಹಿಡಿತ ತಪ್ಪಿ, ಹರಿವು ತನ್ನ ಗರಿಷ್ಠ ಮಿತಿಯಾದ 0.25ಕ್ಕೆ ನಿಲ್ಲುತ್ತದೆ, ಬಾಗಿಲನ್ನು ಇನ್ನಷ್ಟು ತೆರೆದರೂ ಏರುವುದಿಲ್ಲ. ಈ ಮೂರು ಸ್ಥಿತಿಗಳ ನಿಖರ ಪರಿಹಾರವನ್ನು ಭೌತವಿಜ್ಞಾನಿ ಬರ್ನಾರ್ಡ್ ಡೆರಿಡಾ ಮತ್ತು ಸಂಗಡಿಗರು 1993ರಲ್ಲಿ ಮ್ಯಾಟ್ರಿಕ್ಸ್‌ಗಳ ಗುಣಾಕಾರದ ಮೂಲಕ ಕೊಟ್ಟರು. ಇಷ್ಟು ಸೊಗಸಾದ ಗಣಿತವನ್ನು ಮೂಲದಲ್ಲೇ ಓದಬೇಕು. ಹತ್ತಿರದ ನೆರೆಯನ್ನಷ್ಟೇ ತಟ್ಟುವ ಕಣಗಳು ಸಮತೋಲನದಲ್ಲಿದ್ದಾಗ ಒಂದು ಆಯಾಮದಲ್ಲಿ ಇಂಥ ಸ್ಥಿತ್ಯಂತರ (ಇಡೀ ಸ್ಥಿತಿಯೇ ಬೇರೊಂದಕ್ಕೆ ಬದಲಾಗುವುದು) ಆಗುವುದಿಲ್ಲವೆಂದು ತಾವು ಓದಿರುತ್ತೀರಿ. ಅದು ಸುಳ್ಳಲ್ಲ, ಇಲ್ಲಿ ಸದಾ ಹರಿವು ಇರುವುದರಿಂದ ಸಮತೋಲನವೇ ಇಲ್ಲ.

ಒಂದು ಪ್ರಯೋಗ ಮಾಡಿ. ಚಿಕ್ಕ ಪ್ರೋಗ್ರಾಂ ಬರೆದು ಎರಡೂ ದರಗಳನ್ನು 0.3 ಎಂದು ಇಡಿ. ಈಗ ಗೋಡೆಯ ಸರಾಸರಿ ವೇಗ ಸೊನ್ನೆ. ಅದು ದಿಕ್ಕುಗೆಟ್ಟವರಂತೆ ಸಾಲಿನುದ್ದಕ್ಕೂ ಅಲೆಯುತ್ತದೆ. ದೀರ್ಘಕಾಲದ ಸರಾಸರಿ ತೆಗೆದರೆ ಸಾಂದ್ರತೆ 0.3ರಿಂದ 0.7ಕ್ಕೆ ನೇರ ಇಳಿಜಾರಿನಂತೆ ಏರಿದ ಹಾಗೆ ಕಾಣುತ್ತದೆ, ಆದರೆ ಯಾವ ಕ್ಷಣದಲ್ಲಿ ನಿಲ್ಲಿಸಿ ನೋಡಿದರೂ ತಮಗೆ ಸಿಗುವುದು ಆ ಇಳಿಜಾರಲ್ಲ, ಎಲ್ಲೋ ಒಂದೆಡೆ ನಿಂತ ಕಡಿದಾದ ಗೋಡೆ.