ಬೀದಿ ದೀಪ ನೇರಳೆಯಾದದ್ದು ಏಕೆ?

ಕಲಬುರಗಿಯ ಓದುಗರೊಬ್ಬರ ಪತ್ರ: ‘ನಮ್ಮ ಓಣಿಯ ಮೂರು ಎಲ್‌ಇಡಿ ದೀಪಗಳು ಬೇಸಿಗೆಯಿಂದೀಚೆಗೆ ನೇರಳೆ ಬಣ್ಣಕ್ಕೆ ತಿರುಗಿವೆ. ಸೊಳ್ಳೆ ಕೊಲ್ಲುವ ದೀಪ ಎಂದು ಕೆಲವರು, ಒಳಗೆ ಕ್ಯಾಮೆರಾ ಇದೆ ಎಂದು ಕೆಲವರು ಹೇಳುತ್ತಾರೆ. ಲಸಿಕೆ ಹಾಕಿಸಿಕೊಂಡವರನ್ನು ಗುರುತಿಸಲು ಎಂಬ ಮಾತೂ ಮೊಬೈಲಿನಲ್ಲಿ ಬಂದಿದೆ. ನಮ್ಮ ತಾಯಿಯವರು ಆ ಬೆಳಕಿನಲ್ಲಿ ನಡೆಯಲು ಹೆದರುತ್ತಾರೆ. ನಿಜ ಏನು?’

ಉತ್ತರ: ದೀಪ ಕೆಟ್ಟಿದೆ ಎಂದು ತಾಯಿಯವರಿಗೆ ಮೊದಲು ತಿಳಿಸಿ. ಬಿಳಿ ಎಲ್‌ಇಡಿಯಲ್ಲಿ ಇರುವ ನೀಲಿ ಬೆಳಕೇ ಇಲ್ಲಿ ಹೆಚ್ಚಾಗಿ ಹೊರಬರುತ್ತಿದೆ. ಅದರಡಿ ನಡೆದು ಹೋಗುವುದರಿಂದ ಅವರಿಗೆ ಏನೂ ಆಗುವುದಿಲ್ಲ.

ನಿಮ್ಮ ಮೊಬೈಲಿನ ಟಾರ್ಚ್ ಆಫ್ ಮಾಡಿ ಹತ್ತಿರದಿಂದ ನೋಡಿ. ಒಳಗೆ ಅರಿಶಿನದ ಬೊಟ್ಟಿನಂಥ ಹಳದಿ ಚುಕ್ಕೆ ಕಾಣುತ್ತದೆ. ಬಿಳಿ ಬೆಳಕಿನ ಗುಟ್ಟು ಅದರಲ್ಲಿದೆ. ಎಲ್‌ಇಡಿಯೊಳಗೆ ಬೆಳಕು ಕೊಡುವ ಪುಟ್ಟ ತುಣುಕು, ಅಂದರೆ ಚಿಪ್, ಹೊರಡಿಸುವುದು ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕನ್ನು. (ನೀಲಿ ಎಲ್‌ಇಡಿ ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಂದಿತು.) ಚಿಪ್‌ನ ಮೇಲಿನ ಫಾಸ್ಫರ್ ಎಂಬ ಹಳದಿ ಪದರ ಆ ನೀಲಿಯಲ್ಲಿ ಒಂದು ಪಾಲನ್ನು ಹೀರಿ ಹಳದಿಯಾಗಿ ಬಿಡುತ್ತದೆ, ಉಳಿದ ನೀಲಿಯೊಡನೆ ಅದು ಬೆರೆತಾಗ ಕಣ್ಣಿಗೆ ಬಿಳಿ. ವರ್ಷಗಟ್ಟಲೆ ಕಾದು ತಣಿದು ಆ ಪದರ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದರೆ ನೀಲಿ ಹಾಗೆಯೇ ಹೊರಬೀಳುತ್ತದೆ, ಬೀದಿ ನೇರಳೆಯಾಗುತ್ತದೆ. ಒಂದೇ ಕಂತಿನಲ್ಲಿ ತಯಾರಾದ ದೀಪಗಳಲ್ಲಿ ಒಂದೇ ದೋಷವಿದ್ದರೆ ಅಕ್ಕಪಕ್ಕದ ಮೂರು ಕಂಬಗಳು ಒಟ್ಟಿಗೆ ಬಣ್ಣಗೆಡುವುದರಲ್ಲಿ ಅಚ್ಚರಿಯಿಲ್ಲ.

ಅಮೆರಿಕದ ಹಲವು ಊರುಗಳಲ್ಲಿ 2021ರ ಸುಮಾರಿಗೆ ಹೀಗೇ ಆಯಿತು. ಹಬ್ಬದ ಅಲಂಕಾರವೆಂದರು, ಫುಟ್‌ಬಾಲ್ ತಂಡದ ಗೌರವಕ್ಕೆಂದರು. ಕೊನೆಗೆ ದೀಪದ ಕಂಪನಿಯೇ ಫಾಸ್ಫರ್ ಪದರ ಜರುಗಿದ್ದನ್ನು ಒಪ್ಪಿತು.

ಸೊಳ್ಳೆಯ ಮಾತು ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಮಿಠಾಯಿ ಅಂಗಡಿಯಲ್ಲಿ ನೊಣ ಸೆಳೆಯುವ ದೀಪವೂ ಇದೇ ಬಣ್ಣದ್ದು. ಆದರೆ ಅದು ಅತಿನೇರಳೆ ಕಿರಣದ ದೀಪ, ಸುತ್ತ ವಿದ್ಯುತ್ ತಂತಿಯ ಜಾಲರಿ ಇರುತ್ತದೆ. ರಾತ್ರಿ ಕ್ಯಾಮೆರಾಗಳಿಗೆ ಬೇಕಾದದ್ದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಬೆಳಕಿಗೆ ಹೊಳೆಯುವ ವಸ್ತು ಲಸಿಕೆಯಲ್ಲಿ ಇಲ್ಲ.

ನನ್ನನ್ನು ಕಾಡುವುದು ಬೇರೆ. ಪತ್ರ ಓದಿದ ಸಂಜೆ ನಿಮ್ಮ ಓಣಿಗೆ ಹೋಗಿದ್ದೆ. ಕಂಬದ ಕೆಳಗೆ ತಳ್ಳುಗಾಡಿಯಲ್ಲಿ ನಿಂಬೆಹಣ್ಣಿನ ರಾಶಿ ಇತ್ತು. ಹಣ್ಣೊಂದನ್ನು ಎತ್ತಿ ಹಿಡಿದರೆ ಬೂದಿ ಬಣ್ಣ. ಪಕ್ಕದ ಟೊಮೆಟೊ ಕಪ್ಪಾಗಿತ್ತು, ಹಣ್ಣಾದದ್ದು ಯಾವುದು, ಕೊಳೆತದ್ದು ಯಾವುದು ತಿಳಿಯಲಿಲ್ಲ. ಆ ಬೆಳಕಿನಲ್ಲಿ ಹಳದಿ, ಕೆಂಪು ಸಾಯುತ್ತವೆ. ಕೆಂಪು ಸೀರೆಯ ಅಜ್ಜಿ ರಸ್ತೆ ದಾಟುವಾಗ ಬೈಕಿನವನಿಗೆ ಆಕೆ ಕಾಣುವುದು ತಡವಾದರೆ? ಭಯಪಡುವುದಿದ್ದರೆ ಇದಕ್ಕೆ ಪಡಬೇಕು.

ಕಂಬದ ಮೇಲೆ ಸಂಖ್ಯೆ ಇದ್ದರೆ ಬರೆದುಕೊಂಡು ಮೂರಕ್ಕೂ ಮಹಾನಗರ ಪಾಲಿಕೆಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ‘ಉರಿಯುತ್ತಿದೆಯಲ್ಲ’ ಎಂದರೆ ಒಪ್ಪಬೇಡಿ. ಕಳಚಿದ ಪದರ ದುರಸ್ತಿಯಾಗುವಂಥದ್ದಲ್ಲ, ದೀಪವನ್ನೇ ಬದಲಿಸಬೇಕು. ದೂರಿನ ಪ್ರತಿಯೊಂದನ್ನು ನಮಗೂ ಕಳಿಸಿ. ಬದಲಾಗುವವರೆಗೆ ನಾವೂ ಕೇಳುತ್ತಿರುತ್ತೇವೆ.

— ಸಂಪಾದಕ